ಅಕ್ಕ ಕಲಿಸಿದ ನಾಲ್ಕನೇ ಕ್ಲಾಸಿನ ಲೆಕ್ಕ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ನಾಲ್ಕನೇ ಕ್ಲಾಸಿಗೆ ಸೇರಿದ ವರ್ಷ, ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡೆ. ಶಾಂತಿಗ್ರಾಮದ ಹತ್ತಿರದ ನಮ್ಮ ಮನೆಯಲ್ಲಿ, ಬಿದಿರಿನ ದಬ್ಬೆ ಕಟ್ಟಿದ ಕಾಲು ಚಾಚಿಕೊಂಡು ತಿಂಗಳುಗಟ್ಟಲೆ ಜಗಲಿಯ ಮೇಲೇ ಕೂತಿದ್ದೆ. ಪಾಠದಲ್ಲಿ ಹಿಂದೆ ಬೀಳಬಾರದೆಂದು ಅಪ್ಪ ಹಾಸನದಿಂದ ಲೆಕ್ಕದ ಪುಸ್ತಕ ತಂದರು. ಕಲಿಸುವ ಕೆಲಸ ಏಳನೇ ಕ್ಲಾಸು ಮುಗಿಸಿದ್ದ ಅಕ್ಕನ ಪಾಲಿಗೆ ಬಂತು.

ಮೊದಲ ದಿನವೇ ಭಾಗಾಕಾರ ನೋಡಿ ಸ್ಲೇಟು ಎಸೆದು ಅತ್ತೆ. ಎರಡು ದಿನ ಬಿಟ್ಟು ಅಕ್ಕ, ಪೇಪರಿನ ರಟ್ಟು ಹಾಕಿದ ಬೇರೊಂದು ಪುಸ್ತಕ ತಂದಳು.

"ಇದೂ ನಾಕ್ನೇ ಕ್ಲಾಸಿಂದೇ ಕಣ್ಲಾ. ಸುಲಭವಾಗಿ ಬರ್ದವ್ರೆ," ಅಂದಳು.

ನಿಜವಾಗಿಯೂ ಸುಲಭವಾಗಿತ್ತು. ಅದು ಅವರೆಕಾಯಿಯ ಕಾಲ; ಮನೆಯೆಲ್ಲ ಸೊಗಡಿನ ವಾಸನೆ. ಅಕ್ಕ ಮೊರದಲ್ಲಿ ಹಸಿ ಕಾಳು ಹರಡಿ, ನಾಲ್ಕು ನಾಲ್ಕರ ಗುಂಪು ಮಾಡಿಸಿ ಮಗ್ಗಿ ಹೇಳಿಸುತ್ತಿದ್ದಳು. ಒಂದು ಲೆಕ್ಕವೂ ತಪ್ಪುತ್ತಿರಲಿಲ್ಲ. ಅಪ್ಪ ಸ್ಲೇಟು ನೋಡಿ ಬೆನ್ನು ತಟ್ಟುತ್ತಿದ್ದರು. ಇಡೀ ಕ್ಲಾಸಿಗೆ ನಾನೇ ಜಾಣ ಅಂತ ಬೀಗಿದೆ.

ಒಂದು ಮಧ್ಯಾಹ್ನ ನೆರೆಯವರು ಅವರೆ ಸುಲಿಯಲು ನಮ್ಮ ಜಗಲಿಗೆ ಬಂದರು; ಅಪ್ಪ, ಅಕ್ಕನೂ ಜೊತೆಗೆ ಕೂತರು. ಪಕ್ಕದ ಮನೆಯ ಪುಟ್ಟ ಹುಡುಗಿ ನನ್ನ ಪುಸ್ತಕ ಬಿಡಿಸಿ, "ಅಯ್, ಇದು ನನ್ ಬುಕ್ಕು! ನೀನೂ ಎರಡ್ನೇ ಕ್ಲಾಸಾ?" ಎಂದು ಕೂಗಿದಳು. ಎಲ್ಲರೂ ನಕ್ಕರು. ನಾನು ರಟ್ಟು ಹರಿದೆ. ಒಳಗೆ ದಪ್ಪ ಅಕ್ಷರದಲ್ಲಿ 'ಎರಡನೇ ತರಗತಿ' ಎಂದಿತ್ತು.

"ನಂಗೆ ಸುಳ್ ಯೋಳ್ದೆ ಅಲ್ವಾ ಅಕ್ಕ?"

"ನಿಂಗೊತ್ತಾಗಿದ್ರೆ ನೀ ಮುಟ್ತಾನೇ ಇರ್ಲಿಲ್ಲ ಕಣ್ಲಾ," ಅಂದಳು ಅಕ್ಕ.

ಅಪ್ಪನ ಕಡೆ ತಿರುಗಿದೆ. ಅವರು ತಲೆ ಎತ್ತದೆ ಅವರೆ ಸುಲಿಯುತ್ತಲೇ ಇದ್ದರು. ಅವರಿಗೂ ಗೊತ್ತಿತ್ತು. ಅಷ್ಟು ದಿನ ಅವರು ತಟ್ಟಿದ ಬೆನ್ನು ಉರಿದಂತಾಯಿತು.

ಮೂರು ದಿನ ಅಕ್ಕನ ಜೊತೆ ಮಾತು ಬಿಟ್ಟೆ. ಒಬ್ಬನೇ ಕೂತು ನಾಲ್ಕನೇ ಕ್ಲಾಸಿನ ಪುಸ್ತಕ ತೆರೆದೆ. ಅಕ್ಕ ಕಲಿಸಿದ ಹಾಗೆ ಗುಂಪು ಮಾಡುತ್ತ ಹೋದೆ. ಆ ಭಾಗಾಕಾರ ಬಂದೇಬಿಟ್ಟಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಉತ್ತರ ಅಳಿಸಿಬಿಟ್ಟೆ, ಅಕ್ಕನಿಗೆ ತೋರಿಸಲಿಲ್ಲ. ಮುಂದೆಯೂ ಅವಳೇ ಪಾಠ ಮಾಡಿದಳು. ಆದರೆ ಅವಳು 'ಸರಿ' ಅಂದ ಮೇಲೂ ನಾನು ಇನ್ನೊಮ್ಮೆ ಎಣಿಸಿ ನೋಡುತ್ತಿದ್ದೆ.

ಈಗ ನಿಮಗೆ ನಿಮ್ಮ ಅಮ್ಮನೇ ಮನೆಯಲ್ಲಿ ಲೆಕ್ಕ ಕಲಿಸುತ್ತಾಳೆ. ನಾಲ್ಕಾರು ಬಗೆಯ ಬಣ್ಣದ ಪುಸ್ತಕ ತರಿಸಿ, ನಿಮಗೆ ಹಿಡಿಸದ್ದನ್ನು ಬದಿಗಿಡುತ್ತಾಳೆ. ಮೊನ್ನೆ ಭಿನ್ನರಾಶಿ ಬಾರದಿದ್ದಾಗ, "ಇದು ಕೆಳಗಿನ ಕ್ಲಾಸಿನ ಬುಕ್ಕು. ಇಲ್ಲಿಂದ ಒಂದ್ಸಲ ನೋಡ್ಕೊಂಡ್ ಬರೋಣ್ವಾ?" ಎಂದು ಕೇಳಿದಳು. ನೀವು ಮುಖ ಊದಿಸಿಕೊಂಡಿರಿ, ಆಮೇಲೆ ಕೂತಿರಿ.

ಹಾಗೆ ಕೇಳಿದ್ದರೆ ನಾನು ಕೂರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ.