ಸಾರಿಸದ ಗೋಡೆ

ಹೋದ ತಿಂಗಳು ನಮ್ಮ ಓಣಿಯ ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಪಕ್ಕದ ಮನೆಯ ಮುಂದಿನ ಖೋಲಿಯ ಮಣ್ಣಿನ ಗೋಡೆಯನ್ನು ಒಂದೇ ಏಟಿಗೆ ಕೆಡವಿತು. ಧೂಳು ಅಡಗಲೆಂದು ಯಾರೋ ಒಂದು ಕೊಡ ನೀರು ಚೆಲ್ಲಿದರು. ಆಗ ಎದ್ದಿತು ಆ ವಾಸನೆ. ಹಸಿ ಮಣ್ಣಿನದಲ್ಲ. ಒದ್ದೆ ಸುಣ್ಣಕ್ಕೆ ಔಷಧದ ಡಬ್ಬಿ ತೊಳೆದ ನೀರು ಬೆರೆಸಿದ ಹಾಗೆ, ಗಂಟಲಿಗೆ ಹೋಗಿ ಕೂರುವ ವಾಸನೆ. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ನಾನು ಮೊರ ಬಿಟ್ಟು ಎದ್ದೆ. ಇಷ್ಟು ವರ್ಷವಾದರೂ ಮೂಗು ಮರೆತಿರಲಿಲ್ಲ. ಅದು ಡಿಡಿಟಿ, ಸೊಳ್ಳೆ ಸಾಯಲೆಂದು ಗೋಡೆಗೆ ಹೊಡೆಯುತ್ತಿದ್ದ ಔಷಧ. ಅದರ ಹಿಂದೆಯೇ ಕಾಕಿ ನೆನಪಾದಳು...

ಕಾಕಿ ನನಗೆ ಸಂಬಂಧದಿಂದ ಏನೂ ಆಗಬೇಕಿರಲಿಲ್ಲ. ಪಕ್ಕದ ಮನೆಯವಳು, ಅಷ್ಟೇ ನಂಟು. ಓಣಿಯವರೆಲ್ಲ ಚಿಕ್ಕಮ್ಮನನ್ನು ಕರೆಯುವ ಹಾಗೆ ಕಾಕಿ ಅನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಎಮ್ಮೆ, ಒಬ್ಬ ಮಗ, ಒಂದು ಬಾಯಿ ಆಕೆಯ ಆಸ್ತಿ. ಆ ಬಾಯಿಗೆ ಓಣಿಯೇ ಹೆದರುತ್ತಿತ್ತು. ಹಾಲಿಗೆ ನೀರು ಬೆರೆಸುತ್ತೀಯಾ ಎಂದು ಕೇಳಿದವರಿಗೆ ಮಾತ್ರ ಆಕೆ ಬಯ್ಯುತ್ತಿರಲಿಲ್ಲ. ಮರುದಿನದಿಂದ ಹಾಲು ಕೊಡುವುದನ್ನೇ ನಿಲ್ಲಿಸುತ್ತಿದ್ದಳು.

ನನ್ನ ತವರು ಹನುಮಸಾಗರದ ಕಡೆ. ಅಲ್ಲಿ ತುಂಬಿದ ಕೊಡ ಕಂಡರೆ ಕೈ ಮುಗಿಯುವ ಜನ ನಾವು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಗಂಗಾವತಿ ಹತ್ತಿರದ ಈ ಕಾಲುವೆಯ ಊರಿಗೆ ಬಂದರೆ ಎಲ್ಲಿ ನೋಡಿದರೂ ನೀರು. ಭತ್ತದ ಗದ್ದೆಯಲ್ಲಿ ನೀರು, ಕಾಲುವೆ ಸೋರಿದ ಕಡೆಯೆಲ್ಲ ನೀರು, ಎಮ್ಮೆ ಕಾಲಿಟ್ಟ ಕುಣಿಯಲ್ಲೂ ನೀರು. ನೀರಿಗೆ ಬಯ್ಯುವವರನ್ನು ನಾನು ಮೊದಲು ನೋಡಿದ್ದು ಇಲ್ಲಿ. ಸಂಜೆ ಸೊಳ್ಳೆ ಮುತ್ತಿಕೊಂಡಾಗ ನಾನೂ ಬಯ್ಯಲು ಕಲಿತೆ.

ತವರಿನಿಂದ ನಾನು ತಂದದ್ದು ಹೆಚ್ಚೇನಿಲ್ಲ, ಗೋಡೆ ಸಾರಿಸುವ ಕೈ ಒಂದು. ಕೆಮ್ಮಣ್ಣು, ಸೆಗಣಿ, ಸಣ್ಣ ಹೊಟ್ಟು ಕಲಸಿ ನೆನೆಯಿಟ್ಟು, ಅಂಗೈಯಿಂದ ಮೆತ್ತಿ, ನಾಲ್ಕು ಬೆರಳಿನಿಂದ ಕಮಾನು ಕಮಾನಾಗಿ ಎಳೆಯುತ್ತಿದ್ದೆ. ಒಣಗಿದ ಮೇಲೆ ಗೋಡೆಯ ತುಂಬ ಬೆರಳಿನ ಗೆರೆಗಳ ಸಾಲು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ನಾನು ಬಂದ ಮೊದಲ ನಾಗರ ಪಂಚಮಿಗೆ ನಮ್ಮ ಮನೆಯಷ್ಟೇ ಅಲ್ಲ, ಕಾಕಿಯ ಮನೆ, ಎದುರು ಮನೆ, ಹೀಗೆ ಕರೆದವರ ಮನೆಯನ್ನೆಲ್ಲ ಸಾರಿಸಿ ಕೊಟ್ಟೆ. ಹೊಸ ಸೊಸೆಯ ಕೈಗುಣ ಚೆನ್ನಾಗಿದೆ ಎಂದು ಹೆಂಗಸರು ಮಾತಾಡಿಕೊಂಡರು.

ಆ ಪಂಚಮಿಗೆ ತುಸು ಮುಂಚೆ ಮಲೇರಿಯಾದವರು ಬಂದು ಔಷಧ ಹೊಡೆದು ಹೋಗಿದ್ದರು. ಪಾತ್ರೆ, ಹಾಸಿಗೆ, ಕಾಳಿನ ಚೀಲ ಎಲ್ಲವನ್ನೂ ಅಂಗಳಕ್ಕೆ ತಂದಿಡಬೇಕು. ಅವರು ಪಂಪು ಹಿಡಿದು ಮೂಲೆಮೂಲೆಗೂ ಹೊಡೆಯುತ್ತಿದ್ದರು. ಗೋಡೆಯೆಲ್ಲ ಬೂದಿ ಉಗುಳಿದ ಹಾಗೆ ಬೆಳ್ಳಗಾಗುತ್ತಿತ್ತು. ಅದರ ಮೇಲೆ ಸಾರಿಸಬೇಡಿ ಎಂದು ಪ್ರತಿ ಸಲ ಹೇಳುತ್ತಿದ್ದರು, ಪ್ರತಿ ಸಲ ನಾವು ತಲೆಯಾಡಿಸುತ್ತಿದ್ದೆವು. ಅವರು ಓಣಿ ತಿರುಗುತ್ತಲೇ ಕೆಮ್ಮಣ್ಣು ಕಲಸುವುದಕ್ಕೆ ಕೂರುತ್ತಿದ್ದೆವು. ಹಬ್ಬಕ್ಕೆ ಗೋಡೆಯನ್ನು ಹಾಗೇ ಬಿಡುವುದುಂಟೆ? ಸಾವಾದ ಮನೆಯ ಗೋಡೆಯನ್ನು ಮಾತ್ರ ಹಬ್ಬಕ್ಕೆ ಸಾರಿಸುವುದಿಲ್ಲ.

ಪಂಚಮಿ ಮುಗಿದು ಜೋಕಾಲಿ ಬಿಚ್ಚುವ ಹೊತ್ತಿಗೆ ನನ್ನ ನಾದಿನಿಗೆ ಚಳಿಜ್ವರ ಬಂತು. ಇದ್ದಬದ್ದ ಕೌದಿಯನ್ನೆಲ್ಲ ಹೊದಿಸಿ ಮೇಲೆ ನಾನು ಒತ್ತಿ ಕೂತರೂ ಆಕೆ ನಡುಗುವುದು ನಿಲ್ಲುತ್ತಿರಲಿಲ್ಲ. ಒಂದು ದಿನ ಬಿಡುತ್ತಿತ್ತು, ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರು. ಆಮೇಲೆ ಎದುರು ಮನೆಯ ಮುದುಕ, ಕಾಕಿಯ ಮಗ... ಓಣಿಗೆ ಓಣಿಯೇ ಮಲಗಿತು. ಮಲೇರಿಯಾ ಇನ್ಸ್‌ಪೆಕ್ಟರು ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು, ಕಹಿ ಮಾತ್ರೆ ಕೊಟ್ಟರು, ನಮ್ಮ ಗೋಡೆಯನ್ನು ಬೆರಳಿನಿಂದ ಕೆರೆದು ನೋಡಿದರು. ಔಷಧದ ಮೇಲೆ ಸಾರಿಸಿದವರು ಯಾರು ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿದಳು.

ಅಷ್ಟೇ ಸಾಕಾಯಿತು. ಊರಲ್ಲಿ ಸಾರಿಸದ ಹೆಂಗಸು ಒಬ್ಬಳೂ ಇರಲಿಲ್ಲ. ಆದರೆ ಜನ ಎಣಿಸಿದ್ದು ನಾನು ಸಾರಿಸಿದ ಮನೆಗಳನ್ನು ಮಾತ್ರ. “ಇಕಿ ಕೈ ಹತ್ತಿದ ಮನಿಯೆಲ್ಲಾ ಮಲಗ್ಯಾವ” ಎಂದು ಎದುರು ಮನೆಯವಳು ಬಾವಿಕಟ್ಟೆಯಲ್ಲಿ ನನಗೆ ಕೇಳುವ ಹಾಗೆಯೇ ಅಂದಳು. ಮೆಚ್ಚಿದ ಕೈಗುಣ ಕೆಟ್ಟ ಕೈಗುಣವಾಗಲು ಒಂದು ಜ್ವರ ಸಾಕಾಗಿತ್ತು. ಅತ್ತೆ ಒಲೆ ಸಾರಿಸುವುದನ್ನೂ ಬಿಡಿಸಿದಳು. ನಾದಿನಿಗೆ ಗಂಜಿ ಕೊಡಲೂ ನನ್ನನ್ನು ಬಿಡಲಿಲ್ಲ. ದಸರೆಯ ಮಾನವಮಿ ಹಬ್ಬ ಮುಗಿದ ಮೇಲೆ ನನ್ನ ಅಪ್ಪನನ್ನು ಕರೆಸಿ ನನ್ನನ್ನು ತವರಿಗೆ ಕಳಿಸಿಬಿಡುವುದೆಂದು ಮಾತಾಯಿತು. ಹಾಗೆ ಹೋದ ಸೊಸೆಯರು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ನನ್ನ ಗಂಡ ಅವತ್ತು ಬಾಯಿ ಬಿಡಲಿಲ್ಲ. ಅದನ್ನು ಅವರಿಗೆ ಕೊನೆಯವರೆಗೂ ನೆನಪು ಮಾಡಿಕೊಡುತ್ತಲೇ ಇದ್ದೆ.

ಹಿತ್ತಲಲ್ಲಿ ಕೂತು ಅಳುತ್ತಿದ್ದ ನನ್ನನ್ನು ಕಾಕಿ ಗಿಡ್ಡ ಗೋಡೆಯ ಆಚೆಯಿಂದ ನೋಡಿದಳು. ಸಮಾಧಾನ ಹೇಳಲಿಲ್ಲ. ಸಿಟ್ಟಿನಲ್ಲೇ ಮಾತಾಡಿದಳು.

“ಈ ಔಷಧ ಬಂದಾಗಿಂದ ಅದರ ಮ್ಯಾಲೆ ನಾನೂ ಸಾರಿಸೇನಿ, ನಿಮ್ಮತ್ತಿನೂ ಸಾರಿಸ್ಯಾಳ. ಆವಾಗ ಸೊಳ್ಳಿ ಸಾಯ್ತಿದ್ದವು, ತಗಣಿ ಸೈತ ಸಾಯ್ತಿದ್ದವು. ಈಗ ಸಾಯಂಗಿಲ್ಲ ಅಂದ್ರ ಅದು ನಿನ್ನ ಕೈಯಿಂದೇನ?”

ಅದರ ಉತ್ತರ ಆಕೆಗೂ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನನ್ನ ಕೈಯನ್ನು ಉತ್ತರ ಮಾಡುವುದನ್ನು ಆಕೆ ಒಪ್ಪಲಿಲ್ಲ.

ಮಾನವಮಿಗೆ ಮುಂಚೆ ಔಷಧದವರು ಎರಡನೆಯ ಸಲ ಬಂದರು. ಎಲ್ಲರೂ ಒಳಗಿನ ಖೋಲಿಗೆ ಬೀಗ ಹಾಕಿ ಕೀಲಿ ಸಿಗುತ್ತಿಲ್ಲ ಎನ್ನುತ್ತಿದ್ದರೆ ಕಾಕಿ ಮಾತ್ರ ಅವರ ಮುಂದೆ ನಡೆದು ಇಲ್ಲಿ ಹೊಡೆಯಿರಿ, ಅಲ್ಲಿ ಬಿಟ್ಟಿರಿ ಎಂದು ತೋರಿಸಿದಳು. ಎಮ್ಮೆಯ ಕೊಟ್ಟಿಗೆಯನ್ನೂ ಬಿಡಲಿಲ್ಲ. ಅವರು ಹೋದ ಮೇಲೆ ಇಡೀ ಓಣಿ ಕೆಮ್ಮಣ್ಣು ಕಲಸಲು ಕೂತಿತು. ನಮ್ಮ ಮನೆಗೆ ಅತ್ತೆ ಬೇರೆ ಹೆಂಗಸನ್ನು ಕರೆಸಿದಳು. ಕಾಕಿ ಕಲಸಲೇ ಇಲ್ಲ.

ಮೊದಲು ಯಾರೂ ಗಮನಿಸಲಿಲ್ಲ. ನವರಾತ್ರಿಯ ಘಟ್ಟ ಹಾಕುವ ದಿನ ಹತ್ತಿರ ಬಂದ ಹಾಗೆ ಗುಸುಗುಸು ಶುರುವಾಯಿತು. ಬದುಕಿರುವ ಮಗನಿದ್ದೂ ಮನೆಯನ್ನು ಸೂತಕದ ಮನೆಯ ಹಾಗೆ ಇಟ್ಟಿದ್ದಾಳೆ, ಇವಳಿಗೇನು ತಲೆ ಕೆಟ್ಟಿದೆಯೇ ಎಂದರು. ಹಿರಿಯ ಹೆಂಗಸರು ಬಂದು ಬುದ್ಧಿ ಹೇಳಿದರು. ಮಗ ಕೈ ಮುಗಿದು ಕೇಳಿಕೊಂಡ. ಸತ್ತ ಮನೆಯ ಹಾಗೆ ಕಾಣುತ್ತದೆ ಎಂದವರಿಗೆಲ್ಲ ಆಕೆ “ಕಾಣ್ಲಿ” ಎಂದಷ್ಟೇ ಹೇಳಿ ಎಮ್ಮೆ ಹಿಂಡಲು ಹೋದಳು.

ನಮ್ಮ ಕಡೆ ಬನ್ನಿ ಕೊಡುವ ದಿನ ಯಾರೂ ಯಾರ ಮನೆಯನ್ನೂ ಬಿಡುವಂತಿಲ್ಲ. ಜಗಳ ಆಡಿದವರೂ ಬರಬೇಕು, ಬನ್ನಿ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನಬೇಕು. ಕಾಕಿ ಆ ದಿನವನ್ನೇ ಕಾದಿದ್ದಳು. ಬೆಳಗ್ಗೆ ಕಂದೀಲಿನ ಗಾಜು ತೆಗೆದುಕೊಂಡು ಅದರ ಒಂದು ಬಾಯಿಗೆ ತೆಳುವಾದ ಬಟ್ಟೆ ಕಟ್ಟಿದ್ದಳು. ಬಾಗಿಲಿಗೆ ಎದುರಾದ ಗೋಡೆಯ ಬೆಳ್ಳನೆಯ ಔಷಧದ ಮೇಲೆ ಸೊಳ್ಳೆಗಳು ಕೂತಿದ್ದ ಕಡೆ ಇನ್ನೊಂದು ಬಾಯಿಯನ್ನು ಮೆಲ್ಲಗೆ ಒತ್ತಿ ಹಿಡಿದು, ಸುತ್ತ ಹಸಿ ಕೆಮ್ಮಣ್ಣು ಮೆತ್ತಿಬಿಟ್ಟಿದ್ದಳು. ಆ ಹಬ್ಬಕ್ಕೆ ಆಕೆಯ ಗೋಡೆಗೆ ಬಿದ್ದ ಮಣ್ಣು ಅಷ್ಟೇ.

ಮಧ್ಯಾಹ್ನದ ಮೇಲೆ ಜನ ಬರತೊಡಗಿದರು. ಬನ್ನಿ ಕೊಟ್ಟು ಕಾಲಿಗೆ ಬಿದ್ದು ಏಳುವಾಗ ಎಲ್ಲರ ಕಣ್ಣಿಗೂ ಬೀಳುತ್ತಿದ್ದುದು ಆ ಗಾಜು. ಅದರೊಳಗೆ ಸೊಳ್ಳೆಗಳು ಗೋಡೆಯ ಮೇಲೆ ಕೂರುತ್ತಿದ್ದವು, ಏಳುತ್ತಿದ್ದವು, ಮತ್ತೆ ಔಷಧದ ಮೇಲೆಯೇ ಕೂರುತ್ತಿದ್ದವು. ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ ಆರಾಮಾಗಿದ್ದವು. ನಾನು ಅತ್ತೆಯ ಹಿಂದೆ ಸೆರಗು ಹೊದ್ದು ನಿಂತಿದ್ದೆ. ಅಷ್ಟರಲ್ಲಿ ಇನ್ಸ್‌ಪೆಕ್ಟರೂ ಬನ್ನಿ ಕೊಡಲು ಬಂದರು. ನಮ್ಮೂರಲ್ಲೇ ಖೋಲಿ ಮಾಡಿಕೊಂಡಿದ್ದ ಒಳ್ಳೆಯ ಮನುಷ್ಯ ಆತ. ಗಾಜಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು, ತಗ್ಗಿದ ದನಿಯಲ್ಲಿ, ತಮ್ಮವರೂ ಹೀಗೆಯೇ ಗಾಜಿಟ್ಟು ನೋಡುತ್ತಾರೆ, ಸಾಯುತ್ತಿಲ್ಲವೆಂದು ಮೇಲಿನವರಿಗೂ ಹೇಳಿದ್ದಾಗಿದೆ, ಬೇರೆ ಔಷಧ ಬರುವ ತನಕ ಇದನ್ನೇ ಹೊಡೆಯಬೇಕು ಎಂದರು.

“ನನ್ನ ಕಿವಿಯಾಗ ಹೇಳಬ್ಯಾಡ್ರಿ ಸಾಹೇಬ್ರ” ಎಂದಳು ಕಾಕಿ. “ಆಕಿ ಅತ್ತಿ ಅಲ್ಲಿ ನಿಂತಾಳ. ಆಕಿಗಿ ಹೇಳ್ರಿ.”

ಆತ ಹಿಂದೆಮುಂದೆ ನೋಡಿದರು. ಔಷಧದಲ್ಲಿ ಬಲವಿಲ್ಲ ಎಂದು ಔಷಧ ಹೊಡೆಸುವವನೇ ಹಬ್ಬದ ದಿನ ಊರ ಮುಂದೆ ಹೇಳಿದರೆ ನಾಳೆ ಬಾಗಿಲು ತೆರೆಯುವವರು ಯಾರು? ಅವರ ಕಷ್ಟ ನನಗೆ ಈಗ ಅರ್ಥವಾಗುತ್ತದೆ. ಕಾಕಿ ದಾರಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ಅತ್ತೆಯ ಕಡೆ ತಿರುಗಿದರು.

“ನೋಡ್ರೆವ್ವಾ, ಔಷಧದ ಮ್ಯಾಲೆ ಸಾರಿಸಬಾರ್ದು, ಅದು ಖರೇ. ಆದ್ರ ಸಾರಿಸದಿದ್ರೂ ಈ ಸೊಳ್ಳಿ ಸಾಯಂಗಿಲ್ಲ. ಗದ್ದ್ಯಾಗೂ ಮನ್ಯಾಗೂ ಇಂಥಾದ್ದ ಹೊಡದು ಹೊಡದು ಇವಕ್ಕ ರೂಢಿ ಆಗೇತಿ. ಆ ಹುಡುಗಿ ಕೈಯಾಗ ಏನೂ ಇಲ್ಲ.”

ಎದುರು ಮನೆಯವಳು ಕೈಯಲ್ಲಿದ್ದ ಬನ್ನಿ ಎಲೆಯನ್ನು ಕೊಡುವುದನ್ನೂ ಮರೆತು ಹೊರಗೆ ಹೋದಳು. ಅತ್ತೆ ಮನೆಗೆ ಬಂದಮೇಲೆ ತಪ್ಪಾಯಿತು ಎನ್ನಲಿಲ್ಲ, ಅಂದೂ ಇಲ್ಲ, ಮುಂದೆಯೂ ಇಲ್ಲ. ಮರುದಿನ ಬೆಳಗ್ಗೆ ಸೆಗಣಿಯ ಬುಟ್ಟಿಯನ್ನು ನನ್ನ ಮುಂದಿಟ್ಟು ಒಲೆ ಸಾರಿಸು ಎಂದಳು. ಅಪ್ಪನನ್ನು ಕರೆಸುವ ಮಾತು ಮತ್ತೆ ಬರಲಿಲ್ಲ. ನಾದಿನಿ ಸೊರಗಿ ಸೊರಗಿ ಹೇಗೋ ಉಳಿದುಕೊಂಡಳು.

ಕಾಕಿ ಮಾತ್ರ ಆ ಬಾಗಿಲೆದುರಿನ ಗೋಡೆಯನ್ನು ಮತ್ತೆಂದೂ ಸಾರಿಸಲಿಲ್ಲ. ಉಳಿದ ಮನೆಯನ್ನೆಲ್ಲ ಹಬ್ಬಹಬ್ಬಕ್ಕೆ ನನ್ನಿಂದಲೇ ಸಾರಿಸಿಕೊಳ್ಳುತ್ತಿದ್ದಳು, ಅದೊಂದನ್ನು ಬಿಡಿಸುತ್ತಿದ್ದಳು. ಔಷಧದವರು ಬಂದಾಗಲೆಲ್ಲ ಹೊಡೆಸುವುದು, ಆಮೇಲೆ ಅವರನ್ನು ಕರೆದು ಎಷ್ಟು ಸತ್ತಿವೆ ತೋರಿಸಿ ಎನ್ನುವುದು. ಎಂಬತ್ತರ ದಶಕದಲ್ಲಿ ಹೆಣದ ಹಾಗೆ ನಾರುವ ಬೇರೆ ಔಷಧ ಬಂತು. ಊರೆಲ್ಲ ಬಾಗಿಲು ಹಾಕಿಕೊಂಡಾಗ ಆಕೆ ಮೂಗಿಗೆ ಸೆರಗು ಕಟ್ಟಿಕೊಂಡು ಹೊಡೆಸಿದಳು. ಸೊಳ್ಳೆ ಸಾಯುವ ಔಷಧವಾದರೆ ನಾರಿದರೂ ನಡೆಯುತ್ತದೆ ಎನ್ನುತ್ತಿದ್ದಳು. ಔಷಧದ ಮೇಲೆ ಆಕೆಗೆ ಹಗೆಯಿರಲಿಲ್ಲ...

ಆದರೆ ಜ್ವರ ಯಾರ ಗೋಡೆಯನ್ನೂ ನೋಡಿ ಬರುವುದಿಲ್ಲ. ಒಂದು ಮಳೆಗಾಲ ಕಾಕಿಗೇ ಬಂತು. ಮಾತ್ರೆಗೆ ಬಗ್ಗಲಿಲ್ಲ, ತಲೆಗೆ ಏರಿತು. ಟ್ರ್ಯಾಕ್ಟರಿನಲ್ಲಿ ಗಂಗಾವತಿ ದವಾಖಾನೆಗೆ ಒಯ್ಯುವಾಗ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ನಡುವೆ ಒಮ್ಮೆ ಎಚ್ಚರವಾಗಿ ಮಗನನ್ನು ಕರೆದಳು. “ನಾ ಹೋದಮ್ಯಾಲೆ ಮನಿ ಇಕಿ ಕೈಲೇ ಸಾರಿಸು. ಆ ಗ್ವಾಡಿನೂ.” ಮತ್ತೆ ಮಾತಾಡಲಿಲ್ಲ. ಹೋದ ದಾರಿಯಲ್ಲೇ ಕೌದಿಯಲ್ಲಿ ಸುತ್ತಿ ತಂದೆವು.

ಜನ ಆಗಲೂ ಸುಮ್ಮನಿರಲಿಲ್ಲ. ಸಾರಿಸದ ಗೋಡೆಯೇ ಆಕೆಯನ್ನು ತಿಂದಿತು ಎಂದರು. ನನ್ನ ಮೈಯೆಲ್ಲ ಉರಿಯಿತು. ಅವತ್ತು ನಾನು ಹೊಸ ಸೊಸೆಯಾಗಿರಲಿಲ್ಲ, ನನಗೂ ಬಾಯಿ ಬಂದಿತ್ತು. ಅಂದವರಿಗೆ ಅಂಗಳದಲ್ಲೇ ನಿಂತು ಕೇಳಿದೆ, ಸಾರಿಸಿದ ಮನೆಗಳಲ್ಲಿ ಯಾರೂ ಸತ್ತಿಲ್ಲವೇ ಎಂದು. ಸೂತಕ ಕಳೆಯುವ ದಿನ ಕೆಮ್ಮಣ್ಣು ಕಲಸಿ ಒಬ್ಬಳೇ ಇಡೀ ಮನೆ ಸಾರಿಸಿದೆ. ಕೊನೆಗೆ ಆ ಗೋಡೆ. ಬಿಳಿ ಮುಚ್ಚುತ್ತ ಬಂದ ಹಾಗೆ ಕಣ್ಣು ತುಂಬಿ ಬರುತ್ತಿತ್ತು, ಕೈ ಮಾತ್ರ ನಿಲ್ಲಿಸಲಿಲ್ಲ.

ಹೋದ ತಿಂಗಳು ಬಿದ್ದದ್ದು ಅದೇ ಗೋಡೆ. ಕಾಕಿಯ ಮಗ ಆಮೇಲೆ ಬಳಿಸಿದ್ದ ಬಣ್ಣ ಸಿಪ್ಪೆಯ ಹಾಗೆ ಕಳಚಿಕೊಂಡಿತ್ತು. ಕೆಳಗೆ ಕೆಮ್ಮಣ್ಣು, ಅದರ ಕೆಳಗೆ ಬೆಳ್ಳನೆಯ ದಪ್ಪ ಪದರು. ಸರಿಯಿರಿ ಅಜ್ಜಿ ಎಂದು ಜೆಸಿಬಿಯವನು ಕೂಗಿದ. ಸ್ವಲ್ಪ ತಡಿ ಎಂದು ನಾನು ರಾಡಿಯಲ್ಲಿ ಇಳಿದೆ. ಸೊಳ್ಳೆ ಈಗಲೂ ಇವೆ, ಉರಿಸುವ ಸುರುಳಿಗೆ ಬಗ್ಗುವುದಿಲ್ಲ, ಓಣಿಯಲ್ಲಿ ಹೊಗೆ ಬಿಡುವ ಗಾಡಿಗೂ ಬಗ್ಗುವುದಿಲ್ಲ. ಮನೆಯಲ್ಲಿ ಜ್ವರ ಬಂದರೆ ಸೊಸೆಯ ಕಡೆ ತಿರುಗುವ ಕಣ್ಣುಗಳೂ ಇವೆ. ಕಾಕಿ ಮಾತ್ರ ಇಲ್ಲ. ಬಾಗಿಲಿಗೆ ಅಡ್ಡ ನಿಂತು ದಾರಿ ಬಿಡದ ಅಂಥ ಇನ್ನೊಬ್ಬಳು ನನಗೆ ಸಿಗಲಿಲ್ಲ.

ಒಂದು ಹೆಂಟೆಯ ಮೇಲೆ ಬೆರಳಿನ ಗೆರೆಗಳು ಹಾಗೇ ಇದ್ದವು, ನಾಲ್ಕೂ. ಬೆರಳಿಟ್ಟು ನೋಡಿದೆ. ಕಿರುಬೆರಳು ಈಗ ಡೊಂಕಾಗಿದೆ, ಅದೊಂದು ಕೂರಲಿಲ್ಲ. ಆ ಹೆಂಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಜಗುಲಿಯ ಮೇಲಿಟ್ಟೆ. ಕಸ ಗುಡಿಸುತ್ತಿದ್ದ ಸೊಸೆ ಇದನ್ನು ಎಲ್ಲಿ ಚೆಲ್ಲಲಿ ಎಂದು ಕೇಳಿದಳು.

“ಚೆಲ್ಲಬ್ಯಾಡವಾ” ಎಂದೆ. “ಅದು ನನ್ನ ಕೈ.”