ಬೆರಿಲ್‌ಳ ಸೋಲಿಗೆ ಕರುಬಿದವನು

ಮೂರು ಸಲ ಸೋತಿದ್ದ ವಿಲ್ಫ್ರೆಡ್ ಕೋಪ್ಲಂಡ್ ನಾಲ್ಕನೆಯ ಸಲ ಗೆದ್ದ. ಮಾರ್ಶ್‌ಬಿ ವಾರ್ಡಿನಿಂದ ಜಿಲ್ಲಾ ಕೌನ್ಸಿಲ್ಲಿಗೆ, ಹತ್ತೊಂಬತ್ತೇ ಮತಗಳ ಅಂತರದಲ್ಲಿ. ಅವನು ಬಸ್ಸು ಓಡಿಸಿ ನಿವೃತ್ತನಾದವನು. ಹಿಂದಿನ ಮೂರು ಸಲವೂ ಅವನಿಗೆ ಮಣ್ಣು ಮುಕ್ಕಿಸಿದವಳು ಬೆರಿಲ್ ಸವರ್ಬಿ. ಒಂದು ಕಾಲದಲ್ಲಿ ಊರಲ್ಲಿ ಉಣ್ಣೆ ನೂಲಿನ ಅಂಗಡಿ ಇಟ್ಟಿದ್ದವಳು.

ಎಣಿಕೆ ನಡೆದದ್ದು ಬ್ಯಾಡ್ಮಿಂಟನ್ ಆಡುವ ಹಾಲಿನಲ್ಲಿ. ಅಧಿಕಾರಿ ಹೆಸರು ಓದಿದಾಗ ಒಂದಿಷ್ಟು ಚಪ್ಪಾಳೆ ಬಿತ್ತು. ವಿಲ್ಫ್ರೆಡ್ ಅಭ್ಯರ್ಥಿಗಳು ಎದೆಗೆ ಚುಚ್ಚಿಕೊಳ್ಳುವ ರಿಬ್ಬನ್ ಹೂವನ್ನು ಸರಿಮಾಡಿಕೊಂಡು ಕೈ ಚಾಚಿ ನಿಂತ. ಜನ ಅವನನ್ನು ದಾಟಿಕೊಂಡು ಬೆರಿಲ್‌ಳ ಹತ್ತಿರ ಹೋದರು. ಪಾದ್ರಿ ಅವಳನ್ನು ತಬ್ಬಿಕೊಂಡ. ಮಾಂಸದಂಗಡಿಯವನು ಕಣ್ಣೊರೆಸಿಕೊಂಡ. ಕೊನೆಗೆ ವಿಲ್ಫ್ರೆಡ್‌ನ ಹೆಂಡತಿ ಎನಿಡ್ ಕೂಡ ಆ ಗುಂಪಿನಲ್ಲೇ ಕಂಡಳು.

"ಗೆದ್ದೋನು ನಾನು ಕಣೇ," ಎಂದ ಕಾರಿನಲ್ಲಿ.

"ಯಾರು ಇಲ್ಲ ಅಂದ್ರು? ಪಾಪ, ಅವಳ ಮುಖ ನೋಡೋಕಾಗ್ತಿರ್ಲಿಲ್ಲ."

"ಮೂರು ಸಲ ನನ್ನ ಮುಖ ಯಾರಾದ್ರೂ ನೋಡಿದ್ರಾ?"

"ನಿಂಗೆ ಸೋತು ಅಭ್ಯಾಸ ಆಗಿತ್ತಲ್ಲ, ವಿಲ್ಫ್."

ಆ ವಾರವಿಡೀ ಬೆರಿಲ್‌ಳ ಬಾಗಿಲಿಗೆ ಹೂವು, ಕೇಕು ಬರುತ್ತಲೇ ಇದ್ದವು. ಪಬ್ಬಿನಲ್ಲಿ ಅವಳಿಗೊಂದು ಊಟ ಹಾಕಿಸಿದರು. ವಿಲ್ಫ್ರೆಡ್‌ಗೆ ಬಂದದ್ದು ಕಸದ ಡಬ್ಬಿ ಖಾಲಿ ಮಾಡಿಲ್ಲವೆಂಬ ಬೈಗುಳ. ಅದೂ ಮೊದಲು ಬೆರಿಲ್‌ಗೆ ಹೋಗಿ, ಅವಳು "ವಿಲ್ಫ್‌ನ ಕೇಳಿ, ಒಳ್ಳೆ ಮನುಷ್ಯ" ಎಂದಮೇಲೆ ಬಂದದ್ದು. ಆ ಹೊಗಳಿಕೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಜೂನಿನಲ್ಲಿ ಮಿಲ್ ಲೇನಿನ ಚರಂಡಿ ಕಟ್ಟಿಕೊಂಡಿತು. ವಿಲ್ಫ್ರೆಡ್ ಕಚೇರಿಯವರ ಬೆನ್ನುಬಿಡದೆ ಕಾಡಿ ಕೆಲಸದವರನ್ನು ಕರೆಸಿದ. ನೋಡಲು ಹೋದರೆ ಅಲ್ಲಿ ಬೆರಿಲ್! ಕೆಲಸದವರಿಗೆ ಚಹಾ ಬಗ್ಗಿಸಿಕೊಡುತ್ತಿದ್ದಳು. ಬೀದಿಯವರೆಲ್ಲ ಅವಳಿಗೇ ಥ್ಯಾಂಕ್ಸ್ ಹೇಳುತ್ತಿದ್ದರು.

ಅವನಿಗೆ ತಡೆಯಲಾಗಲಿಲ್ಲ. "ಸೋತಿದೀಯ ಬೆರಿಲ್. ಸೋತೋರ ಥರ ಮನೇಲಿರು."

ಬೆರಿಲ್ ಕೆಟಲು ಕೆಳಗಿಟ್ಟಳು. "ಮನೇಲಿದ್ದು ಏನ್ ಮಾಡ್ಲಿ? ಅಷ್ಟು ವರ್ಷ ಗೆದ್ದೆ, ಒಬ್ರೂ ಒಂದು ಹೂವು ಕೊಡ್ಲಿಲ್ಲ. ಈಗ ಮನೆ ತುಂಬ ಹೂವು, ಫೋನು ಮಾತ್ರ ತಣ್ಣಗೆ ಬಿದ್ದಿರುತ್ತೆ. ನಿನ್ನ ಫೋನು ಬಡ್ಕೊಳ್ತಿರುತ್ತೆ ಅಂತ ನೆನೆಸ್ಕೊಂಡ್ರೆ ನಂಗೆ ಉರಿಯುತ್ತೆ ಕಣಪ್ಪ. ಹೂವು ಬೇಕಾ? ಎಲ್ಲಾ ತಗೊಂಡ್ಹೋಗು. ಸೀಟು ಕೊಟ್ಬಿಡು."

ಸೀಟು ಬಿಡಲು ವಿಲ್ಫ್ರೆಡ್‌ನಿಂದಾಗದು. ಆದರೆ ಆ ಹೂವುಗಳ ಆಸೆಯೂ ಹೋಗಿರಲಿಲ್ಲ. ಅವಳು ಚಹಾದ ಕಪ್ಪು ಮುಂದೆ ಹಿಡಿದಳು. ಅವನು ಇಸಿದುಕೊಂಡು ಕುಡಿದ.

ಹೊರಡುವಾಗ ಮೂಲೆಮನೆಯ ಮುದುಕಿ ಅವನನ್ನು ತಡೆದಳು. "ನೀರು ಸಲೀಸಾಗಿ ಹೋಗ್ತಿದೆ ಕಣಪ್ಪಾ. ಬೆರಿಲ್‌ಗೆ ಹೇಳ್ಬಿಡು, ಪುಣ್ಯಾತ್ಗಿತ್ತಿ."

"ಹೇಳ್ತೀನಿ," ಎಂದ ವಿಲ್ಫ್ರೆಡ್.

ಹೇಳಲಿಲ್ಲ.