ದೊಡ್ಡಮ್ಮನ ನಂಬರ್ ಒನ್

ಮೊನ್ನೆ ಮಗಳ ಬಿಳಿ ಕ್ರಿಕೆಟ್ ಪ್ಯಾಂಟನ್ನು ಒಗೆಯಲು ಕೂತಾಗ ತೊಡೆಯ ಹತ್ತಿರ ಕೆಂಪು ಕಲೆ ಕಂಡಿತು. ಚೆಂಡು ಉಜ್ಜಿದ ಕಲೆ. ಬಾರ್ ಸೋಪು ಹಚ್ಚಿ ತಿಕ್ಕಿದೆ, ಬ್ರಷ್ ಹಾಕಿದೆ, ಜಪ್ಪಯ್ಯ ಅಂದರೂ ಹೋಗಲಿಲ್ಲ. ಸೋಪು, ಚರ್ಮ, ಒದ್ದೆ ಬಟ್ಟೆ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹರಿಹರದ ನನ್ನ ಬಚ್ಚಲಲ್ಲಿ ಕೂತಿದ್ದವಳು ದಾವಣಗೆರೆಯ ಎಸ್.ಎಸ್. ಬಡಾವಣೆಯ ಒಂದು ಮನೆಗೆ ಹೋಗಿಬಿಟ್ಟೆ...

ಆಗ ನನಗೆ ಮದುವೆಯಾಗಿರಲಿಲ್ಲ. ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ, ಆ ಮನೆಯ ಮಹಡಿಯ ರೂಮಿನಲ್ಲಿ ಬಾಡಿಗೆಗೆ ವಾಸ. ಮನೆಯ ಯಜಮಾನಿಯನ್ನು ದೊಡ್ಡಮ್ಮ ಎಂದೂ ಅವರ ಗಂಡನನ್ನು ದೊಡ್ಡಪ್ಪ ಎಂದೂ ಕರೆಯುತ್ತಿದ್ದೆ. ದೊಡ್ಡಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು, ಅಲ್ಲಿನ ಟೀಮಿಗೆ ಆಡಿದವರು. ಬ್ಯಾಟಿಂಗಿಗೆ ಇಳಿಯುತ್ತಿದ್ದುದು ಕೊನೆಯ ಸಾಲಿನಲ್ಲಂತೆ. ಮಾತಿನಲ್ಲಿ ಮಾತ್ರ ಸದಾ ಓಪನರ್.

ಎಲ್ಲ ಕಾಲದ ಹತ್ತು ದೊಡ್ಡ ಆಟಗಾರರ ಸಾಲು ಅವರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಂಬರ್ ಒನ್, ಹೆಲ್ಮೆಟ್ ಇಲ್ಲದ ಕಾಲದ ಒಬ್ಬ ಓಪನರ್. ಎರಡನೆಯವನು ಒಬ್ಬ ಸ್ಪಿನ್ನರ್. ನನ್ನ ಹೀರೋ ಐದನೆಯ ಜಾಗದಲ್ಲಿ ಮುದುಡಿ ಕೂತಿದ್ದ. ಹೆಸರು ಬರೆಯುವುದಿಲ್ಲ, ಬರೆದರೆ ನೀವೂ ನನ್ನ ಜೊತೆ ಜಗಳಕ್ಕೆ ಬರುತ್ತೀರಿ. ಬೇರೆ ಬೇರೆ ಕಾಲದವರನ್ನು ಒಂದೇ ತಕ್ಕಡಿಗೆ ಹಾಕಬಾರದು ಎಂದು ನಾನು, ತಕ್ಕಡಿ ಇರುವುದೇ ತೂಗಲಿಕ್ಕೆ ಎಂದು ಅವರು. ಭಾನುವಾರದ ಉಪ್ಪಿಟ್ಟು ತಟ್ಟೆಯಲ್ಲೇ ಆರುತ್ತಿತ್ತು.

ದೊಡ್ಡಮ್ಮನ ಅಳತೆಗೋಲೇ ಬೇರೆ. ಗಂಡನ ಬಿಳಿ ಪ್ಯಾಂಟುಗಳನ್ನು ವರ್ಷಗಟ್ಟಲೆ ಒಗೆದವರು ಅವರು.

"ಯಾರ ಪ್ಯಾಂಟು ಜಾಸ್ತಿ ಕೊಳೆ ಆಗೈತೋ ಅವ್ನೇ ದೊಡ್ಡೋನು ನೋಡವ್ವ. ಬಿದ್ದು ಎದ್ದು ಆಡಿರ್ತಾನೆ. ಈಗ ಬಣ್ಣದ ಬಟ್ಟೆ ಬಂದು ಕಲೇನೇ ಕಾಣಂಗಿಲ್ಲ, ನಂಬರ್ ಹೆಂಗೆ ಕೊಡೋದು?"

ನಾನು ಬಿದ್ದು ಬಿದ್ದು ನಗುತ್ತಿದ್ದೆ. ದೊಡ್ಡಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಹೇಗಾದರೂ ಮಾತಾಡಿಸುತ್ತಿರಿ, ಬಿಟ್ಟರೆ ಹಾಗೇ ಉಳಿದುಬಿಡುತ್ತದೆ ಎಂದರು ಡಾಕ್ಟರು. ದೊಡ್ಡಮ್ಮ ದೇವರ ಹೆಸರು ಹೇಳಿಸಲು ನೋಡಿದರು, ಮಕ್ಕಳ ಹೆಸರು ಹೇಳಿಸಲು ನೋಡಿದರು. ದೊಡ್ಡಪ್ಪ ಸೂರು ನೋಡುತ್ತ ಮಲಗಿರುತ್ತಿದ್ದರು. ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ದೊಡ್ಡಮ್ಮ ಹೇಳಿದರು: "ಪೂರಾ ಮಾತು ಬ್ಯಾಡವ್ವ. ಒಂದ್ಸಲ ನನ್ ಕಡೆ ನೋಡಿ ಏನಾರ ಅನ್ಲಿ. ಸಾಕು."

ಆ ವಾರವೇ ಇರಬೇಕು... ಟಿವಿಯಲ್ಲಿ ಯಾರೋ ಮಾಜಿ ಆಟಗಾರರು ಕೂತು ಹಳಬರಲ್ಲಿ, ಹೊಸಬರಲ್ಲಿ ಯಾರು ಶ್ರೇಷ್ಠರು ಎಂದು ಎಣಿಸುತ್ತಿದ್ದರು. ಮಂಚದ ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮ, ತಲೆ ಎತ್ತದೆ ಜೋರಾಗಿ ಹೇಳಿದರು: "ನಂಬರ್ ಒನ್ ಈ ಸಿಕ್ಸ್ ಹೊಡಿಯೋ ಹುಡುಗನೇ. ಆ ಹೆಲ್ಮೆಟ್ ಇಲ್ದೋನು ಹತ್ತನೇದೋನು."

ಪಕ್ಕದಲ್ಲೇ ಕೂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ತೊಡೆ ಚಿವುಟಿದರು. ಮಂಚದಿಂದ ಗೊರಗೊರ ಸದ್ದು ಬಂತು.

"ಹತ್ತೂ ಜಾಸ್ತಿ ಆತು. ನೀರು ಕೊಡಾಕೆ ಇಟ್ಕಳ್ಳಾಣ ಅವನ್ನ."

ದೊಡ್ಡಪ್ಪನ ಮುಖ ಕೆಂಪಾಯಿತು. ತುಟಿ ಸೊಟ್ಟಗಾಯಿತು, ಎಂಜಲು ಇಳಿಯಿತು. "ನಿಂಗ... ಏನು... ಗೊತ್ತು!"

ಮೊರದ ಅಕ್ಕಿಯೆಲ್ಲ ನೆಲಕ್ಕೆ. ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, ಸೆರಗು ಬಾಯಿಗೆ ಒತ್ತಿಕೊಂಡು, ಅಳುತ್ತಲೇ ನಕ್ಕರು. "ಕೇಳಿದ್ಯೇನವ್ವ? 'ನಿಂಗ' ಅಂದ್ರು! ಮದುವಿ ಆದಾಗಿಂದ ಈ ಮಾತು ಕೇಳಿ ಕೇಳಿ ಸಾಕಾಗಿತ್ತು ನಂಗೆ. ಇವತ್ತು ನೋಡು, ಕಿವಿ ತಂಪಾತು."

ಹೆಂಡತಿಗೆ ಗಂಡ ಹಾಗೆ ಅನ್ನುವುದು ಕೇಳಿದರೆ ನನಗೆ ಮೈ ಉರಿಯುತ್ತದೆ, ಈಗಲೂ. ಆದರೆ ಅವತ್ತು ಅವರ ಜೊತೆ ನಾನೂ ಅತ್ತೆ.

ಆಮೇಲೆ ದಿನವೂ ಅದೇ ಕೆಲಸ. ದೊಡ್ಡಮ್ಮ ಸ್ಪಿನ್ನರನನ್ನು ವಿಕೆಟ್ ಕೀಪರ್ ಮಾಡಿದರು. ಒಂದು ದೇಶದವನನ್ನು ಇನ್ನೊಂದು ದೇಶಕ್ಕೆ ಆಡಿಸಿದರು. ದೊಡ್ಡಪ್ಪನಿಗೆ ಒಂದೊಂದೇ ಮಾತು ಮರಳಿತು, ಎಲ್ಲವೂ ಬೈಗುಳವೇ... ತಪ್ಪು, ಹುಚ್ಚಿ, ಸುಮ್ಮನಿರು. ಅಪ್ಪಿತಪ್ಪಿಯೂ ಒಂದು ಒಳ್ಳೆಯ ಮಾತು ಬರಲಿಲ್ಲ. ದೊಡ್ಡಮ್ಮ ಮಾತ್ರ ಪ್ರತಿಯೊಂದಕ್ಕೂ ಹಿಗ್ಗಿ ಹೀರೇಕಾಯಿ ಆಗುತ್ತಿದ್ದರು. ಆಟದ ಗಂಧವೇ ಇಲ್ಲದ ಹೆಂಗಸು, ಬಾಯಿಗೆ ಬಂದದ್ದನ್ನು ಹೇಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಸಲ ಲಕ್ವ ಹೊಡೆದಾಗ ದೊಡ್ಡಪ್ಪ ಉಳಿಯಲಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ದಿನ ಕೆಳಗೆ ಹೋದೆ. ಟಿವಿಯಲ್ಲಿ ಮತ್ತೆ ಅಂಥದೇ ಚರ್ಚೆ. ಕೇಳಿದೆ: "ದೊಡ್ಡಮ್ಮ, ನಂಬರ್ ಒನ್ ಯಾರು?"

ಅವರು ಹೇಳುತ್ತ ಹೋದರು. ಹೆಲ್ಮೆಟ್ ಇಲ್ಲದ ಓಪನರ್, ಆಮೇಲೆ ಆ ಸ್ಪಿನ್ನರ್... ಹತ್ತೂ ಜನ, ದೊಡ್ಡಪ್ಪ ಕೂರಿಸಿದ್ದ ಜಾಗದಲ್ಲೇ. ನನ್ನ ಹೀರೋ ಐದನೆಯವನು.

"ಇದೆಲ್ಲ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದಿದ್ರೆ ದಿನಾ ಅಷ್ಟು ಕರೆಕ್ಟಾಗಿ ತಪ್ಪು ಹೇಳಾಕೆ ಆಗ್ತಿತ್ತೇನವ್ವ?" ಎಂದು ಟಿವಿ ಆರಿಸಿದರು. ಖಾಲಿ ಮಂಚದ ಕಡೆ ನೋಡಿದರು. "ಇನ್ನೇನು... ಸರಿ ಹೇಳಿದ್ರೂ ಅಷ್ಟೇ, ತಪ್ಪು ಹೇಳಿದ್ರೂ ಅಷ್ಟೇ."

ನಾನು ಮದುವೆಯಾಗಿ ಹರಿಹರಕ್ಕೆ ಬಂದೆ. ಕೆಲವು ವರ್ಷಗಳಲ್ಲಿ ದೊಡ್ಡಮ್ಮನೂ ಹೋದರು. ಈಗ ಆ ಮನೆಯಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಶನಿವಾರ ಮಗಳನ್ನು ಕೋಚಿಂಗಿಗೆ ದಾವಣಗೆರೆಗೆ ಕರೆದೊಯ್ಯುವಾಗ ಬಸ್ಸಿನಲ್ಲಿ ಕಾಲೇಜು ಹುಡುಗರು ಮೊಬೈಲ್ ಹಿಡಿದು ಯಾರು ದೊಡ್ಡವನು, ಯಾರು ಚಿಕ್ಕವನು ಎಂದು ಕೂಗಾಡುತ್ತಿರುತ್ತಾರೆ. ಹಳಬರ ಬಗ್ಗೆ ತಪ್ಪುತಪ್ಪಾಗಿ ಹೇಳುತ್ತಾರೆ. ತಿದ್ದೋಣವೆಂದು ಬಾಯಿಯವರೆಗೂ ಬಂದದ್ದು ಅಲ್ಲೇ ನಿಲ್ಲುತ್ತದೆ. ಆ ಜಗಳಕ್ಕೆ ನನಗೆ ಬೇಕಾದ ಇಬ್ಬರೂ ಈಗಿಲ್ಲ.